ಲೆಕ್ಕಪತ್ರಕ್ಕೆ ಬೀಗ, ಬೀಗದ ಕೈಗೆ ಬೆಲೆ

2024ರ ಜುಲೈ 31ರಂದು ದೇಶದ ಸುಮಾರು 300 ಸಹಕಾರಿ ಹಾಗೂ ಗ್ರಾಮೀಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ಪಾವತಿ ಸ್ಥಗಿತಗೊಂಡಿತು. ಅವುಗಳಿಗೆ ತಂತ್ರಾಂಶ ಸೇವೆ ನೀಡುವ ಸಿ-ಎಡ್ಜ್ ಟೆಕ್ನಾಲಜೀಸ್ ಸಂಸ್ಥೆಗೆ ರ‍್ಯಾನ್ಸಮ್‌ವೇರ್ ತಗುಲಿದ್ದರಿಂದ, ಸೋಂಕು ಹರಡದಿರಲೆಂದು ರಾಷ್ಟ್ರೀಯ ಪಾವತಿ ನಿಗಮವು ಸಂಪರ್ಕ ಕಡಿದಿತ್ತು. ಮರುದಿನ ಸೇವೆ ಮರಳಿತು.

ರ‍್ಯಾನ್ಸಮ್‌ವೇರ್ ಕಡತಗಳನ್ನು ಕದಿಯಲೇಬೇಕೆಂದಿಲ್ಲ. ಗೂಢಲಿಪಿಗೆ ತಿರುಗಿಸಿ ಬೀಗ ಜಡಿಯುತ್ತದೆ. ಬೀಗದ ಕೈಗಾಗಿ ಬಿಟ್‌ಕಾಯಿನ್ ರೂಪದಲ್ಲಿ ಒತ್ತೆಹಣ ಕೇಳುತ್ತದೆ. ಇಮೇಲ್ ಲಗತ್ತು, ನಕಲಿ ತಂತ್ರಾಂಶ, ದುರ್ಬಲ ಪಾಸ್‌ವರ್ಡ್ ಇದರ ಪ್ರವೇಶದ್ವಾರಗಳು. 2017ರ ಮೇ ತಿಂಗಳಲ್ಲಿ ಸುಮಾರು 150 ದೇಶಗಳನ್ನು ಕಾಡಿದ 'ವಾನ್ನಾಕ್ರೈ'ಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಪರಿಹಾರ ಒದಗಿಸಿತ್ತು. ಅದನ್ನು ಅಳವಡಿಸಿಕೊಳ್ಳದವರೇ ಹೆಚ್ಚಾಗಿ ನಷ್ಟಕ್ಕೀಡಾದರು.

ಕುಡಚಿಯಂತಹ ಊರಿನ ಅಂಗಡಿಯಲ್ಲಿ ಉದ್ರಿ ಖಾತೆ, ದಾಸ್ತಾನು, ಜಿಎಸ್‌ಟಿ ಬಿಲ್ಲು ಎಲ್ಲವೂ ಒಂದೇ ಗಣಕಯಂತ್ರದಲ್ಲಿರುವುದುಂಟು. ವಾರ್ಷಿಕ ರಿಟರ್ನ್ ಸಲ್ಲಿಕೆಯ ಗಡುವಿನಿಂದ 72 ತಿಂಗಳು ಲೆಕ್ಕಪತ್ರ ಕಾಯ್ದಿಡಬೇಕೆಂಬುದು ಜಿಎಸ್‌ಟಿ ಕಾನೂನು. ಕಡತ ಕಳೆದುಕೊಂಡವರು ಅಧಿಕಾರಿಗೆ ತೋರಿಸುವುದೇನು? ಬಾಕಿದಾರರಿಂದ ವಸೂಲಿ ಮಾಡುವುದು ಹೇಗೆ?

ಉಪಾಯ ದುಬಾರಿಯಲ್ಲ. ಪ್ರತಿದಿನ ಸಂಜೆ ಪ್ರತ್ಯೇಕ ಹಾರ್ಡ್‌ಡಿಸ್ಕಿಗೆ ಪ್ರತಿ ತೆಗೆದು, ಕೂಡಲೇ ಅದನ್ನು ಕಳಚಿಡಬೇಕು. ಜೋಡಿಸಿಯೇ ಬಿಟ್ಟರೆ ಅದಕ್ಕೂ ಬೀಗ ಬೀಳುತ್ತದೆ. ತಿಂಗಳಿಗೊಮ್ಮೆ ಆ ಪ್ರತಿ ತೆರೆಯುವುದೇ ಎಂದು ಪರೀಕ್ಷಿಸಬೇಕು. ದಾಳಿಯಾದರೆ ಮೊದಲು ಇಂಟರ್‌ನೆಟ್ ಸಂಪರ್ಕ ತೆಗೆದು, 1930ಕ್ಕೆ ಕರೆಮಾಡಿ ದೂರು ದಾಖಲಿಸುವುದು ಲೇಸು. ಒತ್ತೆಹಣ ತೆತ್ತರೂ ಬೀಗದ ಕೈ ದೊರೆಯುವ ಖಾತರಿಯಿಲ್ಲ. ತಿಜೋರಿಗೆ ತೋರುವ ಎಚ್ಚರ ಲೆಕ್ಕಪತ್ರಕ್ಕೂ ಸಲ್ಲಬೇಕು.