ಒಂದು ಅಗುಳು ಸಾಕೇ? ಪೀರನವಾಡಿಯ ನಳದಿಂದ ಖಾನಾಪುರದ ಗದ್ದೆಯವರೆಗೆ ಮಾದರಿ ಸಮೀಕ್ಷೆಯ ಲೆಕ್ಕ

ಬೆಳಗಾವಿ: ಅನ್ನ ಬೆಂದಿದೆಯೇ ಎಂದು ತಿಳಿಯಲು ಪಾತ್ರೆಯಲ್ಲಿರುವ ಅಗುಳುಗಳನ್ನೆಲ್ಲ ಯಾರೂ ಹಿಸುಕಿ ನೋಡುವುದಿಲ್ಲ. ಒಂದೆರಡು ಅಗುಳು ಸಾಕು. ರಾಜ್ಯದಲ್ಲಿ ಎಷ್ಟು ಮಕ್ಕಳು ಅಪೌಷ್ಟಿಕತೆಯಿಂದ ಬಳಲುತ್ತಿದ್ದಾರೆ, ನಗರದ ಒಂದು ಕುಟುಂಬ ತಿಂಗಳಿಗೆ ಎಷ್ಟು ಖರ್ಚು ಮಾಡುತ್ತದೆ, ಎಷ್ಟು ಜನರಿಗೆ ಉದ್ಯೋಗವಿಲ್ಲ ಎಂಬ ಅಂಕಿಗಳೆಲ್ಲ ಇದೇ ನಂಬಿಕೆಯ ಮೇಲೆ ನಿಂತಿವೆ. ಬೆಳೆ ವಿಮೆಯ ಪರಿಹಾರವೂ ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ. ಒಂದು ಗ್ರಾಮ ಪಂಚಾಯಿತಿಯ ನೂರಾರು ಹೊಲಗಳ ಇಳುವರಿಯನ್ನು ಅಲ್ಲಿನ ಕೆಲವೇ ತಾಕುಗಳಲ್ಲಿ ಬೆಳೆ ಕೊಯ್ದು ತೂಗಿ ಅಂದಾಜು ಮಾಡಲಾಗುತ್ತದೆ.

ಕೆಲವರನ್ನು ಕೇಳಿ ಎಲ್ಲರ ಸಂಗತಿ ಹೇಳುವುದು ಹೇಗೆ ಸಾಧ್ಯ? ಹಾಗೆ ಹೇಳಿದ್ದನ್ನು ಎಷ್ಟರ ಮಟ್ಟಿಗೆ ನಂಬಬಹುದು? ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸ್ಪಷ್ಟವಾದ ಉತ್ತರವಿದೆ. ಅದನ್ನು ಅರಿಯಲು ಶಾಲೆಯಲ್ಲಿ ಕಲಿತ ಗುಣಾಕಾರ, ಭಾಗಾಕಾರ ಮತ್ತು ವರ್ಗಮೂಲ ಸಾಕು.

ಪೀರನವಾಡಿಯಲ್ಲಿ ಒಂದು ಪ್ರಶ್ನೆ

ಬೆಳಗಾವಿಯಿಂದ ಖಾನಾಪುರದ ರಸ್ತೆ ಹಿಡಿದರೆ ಉದ್ಯಮಬಾಗ ಕೈಗಾರಿಕಾ ಪ್ರದೇಶವನ್ನು ದಾಟಿದ ಬಳಿಕ ಪೀರನವಾಡಿ ಸಿಗುತ್ತದೆ. ಅಲ್ಲಿಂದ ಮುಂದೆ ಮಚ್ಛೆ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಆವರಣ. ಹಳೆಯ ಗಲ್ಲಿಗಳು, ಹೊಸ ಬಡಾವಣೆಗಳು, ಕನ್ನಡ, ಮರಾಠಿ, ಉರ್ದು ಮಾತನಾಡುವ ಕುಟುಂಬಗಳು, ಬಾಡಿಗೆ ಕೋಣೆಗಳು ಎಲ್ಲವೂ ಒತ್ತಾಗಿ ಬೆರೆತಿರುವ, ನಗರದ ಅಂಚಿನ ಊರು ಇದು.

ಇಲ್ಲಿ ಎಷ್ಟು ಕುಟುಂಬಗಳಿಗೆ ನಳದ ನೀರು ವಾರಕ್ಕೊಮ್ಮೆ ಅಥವಾ ಅದಕ್ಕಿಂತಲೂ ತಡವಾಗಿ ಬರುತ್ತದೆ ಎಂದು ತಿಳಿಯಬೇಕಾಗಿದೆ ಎಂದುಕೊಳ್ಳೋಣ. ಊರಿನಲ್ಲಿ 5,000 ಕುಟುಂಬಗಳಿವೆ ಎಂದಿಟ್ಟುಕೊಳ್ಳೋಣ. ಈ ಸಂಖ್ಯೆಯಾಗಲಿ, ಮುಂದೆ ಬರುವ ಉತ್ತರಗಳಾಗಲಿ ಲೆಕ್ಕ ವಿವರಿಸಲು ಕಲ್ಪಿಸಿಕೊಂಡವೇ ಹೊರತು ಊರಿನ ನಿಜವಾದ ಅಂಕಿಗಳಲ್ಲ.

ಸುಲಭದ ದಾರಿಯೆಂದರೆ ಬೆಳಿಗ್ಗೆ 11 ಗಂಟೆಗೆ ಬಸ್ ನಿಲ್ದಾಣದಲ್ಲಿ ನಿಂತು ಸಿಕ್ಕವರನ್ನು ಕೇಳುವುದು. ಆದರೆ ಆ ಹೊತ್ತಿಗೆ ಪಾಳಿಯ ಕೆಲಸಕ್ಕೆ ಹೋದವರು ಅಲ್ಲಿ ಸಿಗುವುದಿಲ್ಲ. ನೀರಿಗಾಗಿ ಮನೆಯಲ್ಲೇ ಕಾದು ಕುಳಿತವರಂತೂ ಸಿಗುವುದೇ ಇಲ್ಲ. ಯಾರ ಕಷ್ಟವನ್ನು ಅಳೆಯಬೇಕೋ ಅವರೇ ಲೆಕ್ಕದಿಂದ ಹೊರಗುಳಿಯುತ್ತಾರೆ.

ಅನ್ನದ ಪಾತ್ರೆಗೂ ಊರಿಗೂ ಇರುವ ವ್ಯತ್ಯಾಸ ಇದೇ. ಕುದಿಯುವ ಅನ್ನ ತಾನಾಗಿಯೇ ಮೇಲೆ ಕೆಳಗೆ ಆಗುತ್ತಿರುತ್ತದೆ. ಊರು ಹಾಗಲ್ಲ. ಒಂದು ಗಲ್ಲಿಗೆ ನೀರು ಬಂದರೆ ಇಡೀ ಗಲ್ಲಿಗೆ ಬರುತ್ತದೆ, ಇಲ್ಲವಾದರೆ ಇಡೀ ಗಲ್ಲಿಗೆ ಇಲ್ಲ. ಆದ್ದರಿಂದ ಊರನ್ನು ಲೆಕ್ಕದಲ್ಲಿಯೇ ಕದಡಬೇಕಾಗುತ್ತದೆ. ಅದಕ್ಕಿರುವ ಉಪಾಯವೇ ಚೀಟಿ ಎತ್ತುವುದು. ಶಾಸ್ತ್ರೀಯವಾಗಿ ಇದನ್ನು ಸರಳ ಯಾದೃಚ್ಛಿಕ ಪ್ರತಿಚಯನ ಎನ್ನುತ್ತಾರೆ.

ವಿಧಾನ ಹೀಗಿದೆ: ಎಲ್ಲ ಕುಟುಂಬಗಳ ಪಟ್ಟಿ ತಯಾರಿಸಿ 1ರಿಂದ 5,000ದವರೆಗೆ ಕ್ರಮಸಂಖ್ಯೆ ಕೊಡಬೇಕು. ಯಾದೃಚ್ಛಿಕ ಸಂಖ್ಯೆಗಳ ಕೋಷ್ಟಕದಿಂದ ಅಥವಾ ಗಣಕಯಂತ್ರದಿಂದ 400 ಸಂಖ್ಯೆಗಳನ್ನು ಪಡೆಯಬೇಕು. ಒಮ್ಮೆ ಬಂದ ಸಂಖ್ಯೆ ಮತ್ತೆ ಬಂದರೆ ಬಿಡಬೇಕು. ಗಣಕಯಂತ್ರ ಇಲ್ಲದ ಕಾಲದಲ್ಲಿ, 1927ರಲ್ಲಿ, ಇಂಗ್ಲೆಂಡಿನ ಟಿಪ್ಪೆಟ್ ಎಂಬ ಸಂಖ್ಯಾಶಾಸ್ತ್ರಜ್ಞ ಇಂತಹ 41,600 ಅಂಕಿಗಳ ಕೋಷ್ಟಕವನ್ನು ಇದಕ್ಕಾಗಿಯೇ ಪ್ರಕಟಿಸಿದ್ದ. ಪ್ರತಿ ಕುಟುಂಬಕ್ಕೂ ಆಯ್ಕೆಯಾಗುವ ಅವಕಾಶ ಸಮನಾಗಿರಬೇಕು, ಹಾಗೂ ಯಾವುದೇ 400 ಕುಟುಂಬಗಳ ಗುಂಪು ಬರುವ ಸಾಧ್ಯತೆಯೂ ಒಂದೇ ಆಗಿರಬೇಕು ಎಂಬುದು ಇದರ ನಿಯಮ.

ಆಯ್ಕೆಯಾದ ಮನೆಗೆ ಬೀಗ ಹಾಕಿದ್ದರೆ ಪಕ್ಕದ ಮನೆಯನ್ನು ಕೇಳಿ ಬರುವಂತಿಲ್ಲ. ಮತ್ತೆ ಮತ್ತೆ ಹೋಗಬೇಕು. ಹಗಲಿನಲ್ಲಿ ಬೀಗ ಹಾಕುವ ಮನೆ ಮತ್ತು ಬಾಗಿಲು ತೆರೆದಿರುವ ಮನೆ ಒಂದೇ ಬಗೆಯವಲ್ಲ ಎಂಬುದೇ ಇದಕ್ಕೆ ಕಾರಣ.

ಲೆಕ್ಕ ಹೇಗೆ?

400 ಕುಟುಂಬಗಳಲ್ಲಿ 128 ಕುಟುಂಬಗಳು ನೀರು ವಾರಕ್ಕೊಮ್ಮೆ ಅಥವಾ ಅದಕ್ಕಿಂತ ತಡವಾಗಿ ಬರುತ್ತದೆ ಎಂದು ಹೇಳಿದವು ಎಂದುಕೊಳ್ಳೋಣ. ಅಂದರೆ ಶೇ 32. ಇದೇ ಇಡೀ ಊರಿನ ಅಂದಾಜು. 5,000ಕ್ಕೆ ಅನ್ವಯಿಸಿದರೆ 1,600 ಕುಟುಂಬಗಳಾದವು.

ಬೇರೆ 400 ಚೀಟಿ ಬಂದಿದ್ದರೆ ಶೇ 30 ಆಗುತ್ತಿತ್ತೋ, 35 ಆಗುತ್ತಿತ್ತೋ ಎಂಬ ಪ್ರಶ್ನೆ ಸಹಜ. ಹೌದು, ಉತ್ತರ ಬದಲಾಗುತ್ತಿತ್ತು. ಆದರೆ ಎಷ್ಟು ಬದಲಾಗಬಹುದು ಎಂಬುದನ್ನು ಎತ್ತಿದ ಚೀಟಿಗಳಿಂದಲೇ ಲೆಕ್ಕ ಹಾಕಬಹುದು. ಚೀಟಿ ಎತ್ತುವ ವಿಧಾನದ ನಿಜವಾದ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ.

ಹೌದೆಂದವರ ಪಾಲು 0.32, ಇಲ್ಲವೆಂದವರ ಪಾಲು 0.68. ಇವೆರಡನ್ನು ಗುಣಿಸಿದರೆ 0.2176. ಅದನ್ನು 400ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 0.023, ಅಂದರೆ ಶೇಕಡ 2.3 ಅಂಶ. ಇದಕ್ಕೆ ಮಾನಕ ದೋಷ ಎಂದು ಹೆಸರು. ಇದರ ಎರಡು ಪಟ್ಟು, ಅಂದರೆ ಸುಮಾರು 4.7 ಅಂಶ, ಅಂದಾಜಿನ ಆಚೀಚೆಗಿನ ಅಂತರ. ಊರಿನ ಶೇ 8ರಷ್ಟು ಕುಟುಂಬಗಳನ್ನು ನೇರವಾಗಿ ಕೇಳಿಯೇ ಆಗಿರುವುದರಿಂದ ಈ ಅಂತರ ಸ್ವಲ್ಪ ಕುಗ್ಗಿ 4.5 ಆಗುತ್ತದೆ.

ಹೀಗಾಗಿ ಸರಿಯಾದ ಉತ್ತರವೆಂದರೆ ಬರೀ ಶೇ 32 ಅಲ್ಲ, ಶೇ 27.5ರಿಂದ 36.5ರ ನಡುವೆ. ಕುಟುಂಬಗಳ ಲೆಕ್ಕದಲ್ಲಿ 1,375ರಿಂದ 1,825. ಇದೇ ವಿಧಾನದಲ್ಲಿ ನೂರು ಬಾರಿ ಚೀಟಿ ಎತ್ತಿ ನೂರು ಅಂತರಗಳನ್ನು ಬರೆದರೆ ಅವುಗಳಲ್ಲಿ ಸುಮಾರು 95 ಅಂತರಗಳು ಊರಿನ ನಿಜ ಸಂಖ್ಯೆಯನ್ನು ಒಳಗೊಂಡಿರುತ್ತವೆ. ಬಸ್ ನಿಲ್ದಾಣದ ಸಮೀಕ್ಷೆಗೆ ಇಂತಹ ಯಾವ ಭರವಸೆಯೂ ಇಲ್ಲ. ಅದು ಎಷ್ಟು ತಪ್ಪಿದೆ ಎಂದು ಹೇಳಲು ಅದರಲ್ಲೇ ದಾರಿಯಿಲ್ಲ.

ಊರು ದೊಡ್ಡದಾದರೆ?

ಇಲ್ಲಿ ಅನೇಕರು ಎಡವುತ್ತಾರೆ. 5,000 ಕುಟುಂಬಗಳಿಗೆ 400 ಬೇಕಾದರೆ 2011ರ ಜನಗಣತಿಯಲ್ಲಿ 6.11 ಕೋಟಿ ಜನರಿದ್ದ ಕರ್ನಾಟಕಕ್ಕೆ ಲಕ್ಷಗಟ್ಟಲೆ ಬೇಕಲ್ಲವೇ ಎಂದು ಕೇಳುತ್ತಾರೆ. ಬೇಕಿಲ್ಲ. ಇಡೀ ರಾಜ್ಯದ ಕುಟುಂಬಗಳ ಪಟ್ಟಿಯಿಂದ 400 ಚೀಟಿ ಎತ್ತಿ ಶೇ 32 ಎಂದು ಬಂದರೂ ಅಂತರ 4.7 ಅಂಶವೇ. ಪಾತ್ರೆ ಚಿಕ್ಕದಿರಲಿ, ಮದುವೆ ಮನೆಯ ಹಂಡೆಯೇ ಇರಲಿ, ಚೆನ್ನಾಗಿ ಕದಡಿದ್ದರೆ ನೋಡಬೇಕಾದ ಅಗುಳು ಅಷ್ಟೇ.

ಇದರ ಮರುಮುಖವನ್ನು ಮರೆಯುವಂತಿಲ್ಲ. ರಾಜ್ಯಕ್ಕೆ ಸಾಕಾದ 400 ಮನೆಗಳು ಪೀರನವಾಡಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಊರಿನ ಬಗ್ಗೆ ತಿಳಿಯಬೇಕಾದರೆ ಊರಿನೊಳಗೇ 400 ಚೀಟಿ ಎತ್ತಬೇಕು. ಅಲ್ಲದೆ ಅಂತರವನ್ನು ಅರ್ಧಕ್ಕಿಳಿಸಲು ದೊಡ್ಡ ಸಮಷ್ಟಿಯಲ್ಲಿ ಮಾದರಿಯನ್ನು ಎರಡು ಪಟ್ಟು ಮಾಡಿದರೆ ಸಾಲದು, ನಾಲ್ಕು ಪಟ್ಟು ಮಾಡಬೇಕು.

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019ರಲ್ಲಿ ಕರ್ನಾಟಕದ 26,574 ಕುಟುಂಬಗಳಿಂದ ಮಾಹಿತಿ ಪಡೆಯಿತು. ಆಗ ಇದ್ದ 30 ಜಿಲ್ಲೆಗಳಿಗೆ ಹಂಚಿದರೆ ಜಿಲ್ಲೆಗೆ ಸರಾಸರಿ 886 ಕುಟುಂಬ. ಈ ಸಮೀಕ್ಷೆ ಸರಳ ಚೀಟಿಯದಲ್ಲ. ಮೊದಲು ಹಳ್ಳಿಗಳನ್ನೂ ನಗರದ ಬ್ಲಾಕ್‌ಗಳನ್ನೂ ಆರಿಸಿ, ಆರಿಸಿದ ಪ್ರತಿ ಸ್ಥಳದಲ್ಲಿ 22 ಕುಟುಂಬಗಳನ್ನು ಆಯ್ದುಕೊಳ್ಳುತ್ತಾರೆ. ತಿರುಗಾಟದ ಖರ್ಚು ಉಳಿಯುತ್ತದೆ. ಆದರೆ ಅಕ್ಕಪಕ್ಕದ ಮನೆಗಳ ಸ್ಥಿತಿ ಹೆಚ್ಚಾಗಿ ಒಂದೇ ತೆರನಾಗಿರುವುದರಿಂದ ಸಾಮಾನ್ಯವಾಗಿ ತಪ್ಪಿನ ಅಂತರ ಸರಳ ಚೀಟಿಗಿಂತ ಹಿಗ್ಗುತ್ತದೆ. ಇದರಿಂದ ಬೆಳಗಾವಿ ಜಿಲ್ಲೆಯ ಅಂಕಿ ದೊರೆಯುತ್ತದೆ, ಪೀರನವಾಡಿಯ ಅಂಕಿ ದೊರೆಯುವುದಿಲ್ಲ. ಜಿಲ್ಲೆಯ ಸರಾಸರಿಯನ್ನು ತಂದು ಒಂದು ಊರಿಗೆ ಅಂಟಿಸುವುದು ಸರಿಯಲ್ಲ.

ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಸಾಲದು

1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಅಧ್ಯಕ್ಷೀಯ ಚುನಾವಣೆಗೆ ಮುನ್ನ ಸುಮಾರು 1 ಕೋಟಿ ಜನರಿಗೆ ಅಣಕು ಮತಪತ್ರ ಕಳುಹಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಸಾರಿತು. 48 ರಾಜ್ಯಗಳ ಪೈಕಿ 46ರಲ್ಲಿ ಗೆದ್ದವರು ರೂಸ್‌ವೆಲ್ಟ್. ವಿಳಾಸಗಳನ್ನು ದೂರವಾಣಿ ಮತ್ತು ಕಾರು ಮಾಲೀಕರ ಪಟ್ಟಿಗಳಿಂದ ಆಯ್ದುಕೊಂಡಿದ್ದರಿಂದ ಬಡವರು ಬಹುಪಾಲು ಹೊರಗುಳಿದಿದ್ದರು. ಉತ್ತರಿಸುವ ಉತ್ಸಾಹವಿದ್ದವರು ಮಾತ್ರ ಉತ್ತರಿಸಿದ್ದರು. ಇಂದು ಮೊಬೈಲ್‌ನಲ್ಲಿ ನಡೆಯುವ ‘ಜನಾಭಿಪ್ರಾಯ’ಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಗದ್ದೆಯಲ್ಲಿ ಚೀಟಿ

ನಳದ ನೀರಿನ ಲೆಕ್ಕ ತಪ್ಪಿದರೆ ಒಂದು ಯೋಜನೆ ತಪ್ಪಬಹುದು. ಗದ್ದೆಯ ಲೆಕ್ಕ ತಪ್ಪಿದರೆ ರೈತನ ಕೈಗೆ ಬರಬೇಕಾದ ಹಣವೇ ತಪ್ಪುತ್ತದೆ. ಪೀರನವಾಡಿಯಿಂದ ಖಾನಾಪುರದ ಕಡೆ ಸಾಗಿದಂತೆ ಭತ್ತದ ಗದ್ದೆಗಳು ಕಾಣಸಿಗುತ್ತವೆ. 2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯ ನಿಯಮದಂತೆ, ಗ್ರಾಮ ಪಂಚಾಯಿತಿಯನ್ನು ಘಟಕವಾಗಿಸಿಕೊಂಡ ಮುಖ್ಯ ಬೆಳೆಗೆ ಕನಿಷ್ಠ ನಾಲ್ಕು ಬೆಳೆ ಕಟಾವು ಪ್ರಯೋಗಗಳನ್ನು ನಡೆಸಬೇಕು. ಹೊಲಗಳನ್ನು ಯಾದೃಚ್ಛಿಕವಾಗಿ ಆರಿಸಿ, ಹೊಲದೊಳಗೆ ತಾಕಿನ ಜಾಗವನ್ನೂ ಹಾಗೆಯೇ ಗೊತ್ತುಮಾಡಿ, ಬೆಳೆ ಕೊಯ್ದು ತೂಗುತ್ತಾರೆ. ಈ ಸರಾಸರಿ ನಿಗದಿತ ಹೊಸ್ತಿಲು ಇಳುವರಿಗಿಂತ ಕಡಿಮೆಯಿದ್ದರೆ, ಎಷ್ಟು ಕಡಿಮೆಯೋ ಆ ಪ್ರಮಾಣದಲ್ಲಿ ಪರಿಹಾರ.

ಭತ್ತದ ತಾಕು 5 ಮೀಟರ್ ಉದ್ದ, 5 ಮೀಟರ್ ಅಗಲ ಎಂದರೆ 25 ಚದರ ಮೀಟರ್, ಹೆಕ್ಟೇರಿನ 400ನೆಯ ಒಂದು ಭಾಗ. ತಾಕಿನಲ್ಲಿ 1 ಕಿಲೊ ಎಂದರೆ ಹೆಕ್ಟೇರಿಗೆ 4 ಕ್ವಿಂಟಲ್. ಉದಾಹರಣೆಗೆ ನಾಲ್ಕು ತಾಕುಗಳಲ್ಲಿ 7, 9, 11, 13 ಕಿಲೊ ಸಿಕ್ಕಿತೆನ್ನೋಣ. ಸರಾಸರಿ 10 ಕಿಲೊ, ಹೆಕ್ಟೇರಿಗೆ 40 ಕ್ವಿಂಟಲ್. ಆದರೆ ಮಾನಕ ದೋಷ ಸುಮಾರು 1.3 ಕಿಲೊ. ಮಾದರಿ ನಾಲ್ಕೇ ಆಗಿರುವಾಗ ಅದನ್ನು ಎರಡರಿಂದಲ್ಲ, 3.18ರಿಂದ ಗುಣಿಸಬೇಕೆಂಬುದು ಶಾಸ್ತ್ರದ ನಿಯಮ. ಆಗ ಅಂತರ 4.1 ಕಿಲೊ. ಅಂದರೆ ಪಂಚಾಯಿತಿಯ ನಿಜವಾದ ಇಳುವರಿ ಹೆಕ್ಟೇರಿಗೆ ಸುಮಾರು 24 ಕ್ವಿಂಟಲ್‌ನಿಂದ 56 ಕ್ವಿಂಟಲ್‌ವರೆಗೆ ಎಲ್ಲಿಯಾದರೂ ಇರಬಹುದು.

ಇನ್ನೊಂದು ರೀತಿಯಲ್ಲಿ ನೋಡೋಣ. ನಾಲ್ಕರಲ್ಲಿ ಒಂದೇ ತಾಕಿನ ತೂಕ 1 ಕಿಲೊ ಬದಲಾದರೆ ಇಡೀ ಪಂಚಾಯಿತಿಯ ಇಳುವರಿ ಹೆಕ್ಟೇರಿಗೆ 1 ಕ್ವಿಂಟಲ್ ಬದಲಾಗುತ್ತದೆ. ಹೊಸ್ತಿಲು 40.5 ಕ್ವಿಂಟಲ್ ಇದ್ದರೆ ಆ ಒಂದು ಕಿಲೊ ನೂರಾರು ರೈತರ ಪರಿಹಾರದ ಹಣೆಬರಹವನ್ನೇ ಬದಲಿಸಬಲ್ಲದು. ಬೆಳೆ ಕಟಾವಿನ ದಿನ ರೈತರೂ ವಿಮಾ ಕಂಪನಿಯವರೂ ತಾಕಿನ ಸುತ್ತ ನಿಂತು ವಾದಿಸುವುದು ಸುಮ್ಮನೆ ಅಲ್ಲ. ಕೇಂದ್ರ ಸರ್ಕಾರ 2023ರ ಮುಂಗಾರಿನಿಂದ ಭತ್ತ ಮತ್ತು ಗೋಧಿಯ ಇಳುವರಿ ಅಂದಾಜಿನಲ್ಲಿ ದೂರಸಂವೇದಿ ತಂತ್ರಜ್ಞಾನಕ್ಕೂ ಪಾಲು ನೀಡುವ ಕ್ರಮ ತಂದಿದೆ. ಆದರೂ ಬೆಳೆ ಕಟಾವು ಪ್ರಯೋಗಗಳ ಮಹತ್ವ ಉಳಿದಿದೆ.

ತಾಕಿನ ಅಳತೆಯ ಬಗ್ಗೆಯೂ 1940ರ ದಶಕದಲ್ಲಿ ದೊಡ್ಡ ಚರ್ಚೆ ನಡೆದಿತ್ತು. ಪ್ರಶಾಂತಚಂದ್ರ ಮಹಾಲನೋಬಿಸ್ ಅವರು ಸಣ್ಣ ತಾಕುಗಳ ಪರವಾಗಿದ್ದರೆ, ಪಾಂಡುರಂಗ ಸುಖಾತ್ಮೆ ಅವರು ದೊಡ್ಡ ತಾಕುಗಳ ಪರವಾಗಿದ್ದರು. ತಾಕು ಚಿಕ್ಕದಾದಷ್ಟೂ ಗೆರೆಯ ಮೇಲಿನ ಪೈರನ್ನು ಒಳಗೆ ಸೇರಿಸಿಕೊಳ್ಳುವ ಪ್ರವೃತ್ತಿಯಿಂದ ಇಳುವರಿ ಹೆಚ್ಚಾಗಿ ಕಾಣುತ್ತದೆ ಎಂಬುದು ಸುಖಾತ್ಮೆಯವರ ವಾದ. ಇಂತಹ ದೋಷವನ್ನು ಚೀಟಿಯ ಲೆಕ್ಕ ಹಿಡಿಯಲಾರದು.

ಕರ್ನಾಟಕದ ನಂಟು

ಈ ವಿದ್ಯೆಯಲ್ಲಿ ನಮ್ಮ ರಾಜ್ಯಕ್ಕೂ ಪಾಲಿದೆ. ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ 1950ರ ದಶಕದ ಆರಂಭದಲ್ಲಿ ಹಳೆಯ ಮೈಸೂರು ರಾಜ್ಯದಲ್ಲಿ ಮಾದರಿ ವಿಧಾನದಿಂದ ಜನಸಂಖ್ಯಾ ಅಧ್ಯಯನ ನಡೆಸಿದವು. ಅದರ ವರದಿ 1961ರಲ್ಲಿ ಪ್ರಕಟವಾಯಿತು. ಒಂದು ಅಂದಾಜು ಹೆಚ್ಚೆಂದರೆ ಎಷ್ಟು ನಿಖರವಾಗಿರಬಲ್ಲದು ಎಂಬುದರ ಮಿತಿಯನ್ನು 1945ರಲ್ಲಿ ತೋರಿಸಿಕೊಟ್ಟ ಸಿ.ಆರ್. ರಾವ್ ಅವರು 1920ರಲ್ಲಿ ಜನಿಸಿದ್ದು ಹೂವಿನಹಡಗಲಿಯಲ್ಲಿ. 2023ರಲ್ಲಿ, ತಮ್ಮ 102ನೆಯ ವಯಸ್ಸಿನಲ್ಲಿ, ಅವರು ನಿಧನರಾದರು.

ಪಟ್ಟಿ ಹಳೆಯದಾದರೆ

ಚೀಟಿ ಎಷ್ಟೇ ನಿಷ್ಪಕ್ಷಪಾತವಾಗಿದ್ದರೂ ಪಟ್ಟಿಯಲ್ಲಿ ಇಲ್ಲದ ಮನೆ ಎಂದಿಗೂ ಬರುವುದಿಲ್ಲ. ನಗರದ ಅಂಚಿನ ಊರುಗಳಲ್ಲಿ ಈ ತೊಡಕು ದೊಡ್ಡದು. ತೆರಿಗೆ ಪುಸ್ತಕದಲ್ಲಿ ಒಂದೇ ಮನೆ ಎಂದಿರುತ್ತದೆ, ಒಳಗೆ ನಾಲ್ಕು ಬಾಡಿಗೆ ಕುಟುಂಬಗಳಿರುತ್ತವೆ. ಕೊನೆಯ ಜನಗಣತಿಯ ಪೂರ್ಣ ಅಂಕಿಗಳು 2011ರವು. 2021ರ ಜನಗಣತಿ ನಡೆಯಲಿಲ್ಲ. ಮುಂದಿನ ಜನಗಣತಿಗೆ ಬಹುತೇಕ ದೇಶಕ್ಕೆ 2027ರ ಮಾರ್ಚ್ 1 ಆಧಾರ ದಿನವೆಂದು 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಟಿದೆ. ಮಾದರಿ ಸಮೀಕ್ಷೆ ಜನಗಣತಿಗೆ ಬದಲಿಯಲ್ಲ. ಮಾದರಿಗೆ ಬೇಕಾದ ಪಟ್ಟಿಯ ಮೂಲವೇ ಜನಗಣತಿ.

ಇನ್ನು ಮುಂದೆ ಯಾವುದೇ ಸಮೀಕ್ಷೆಯ ಅಂಕಿ ಓದುವಾಗ ಓದುಗರು ನಾಲ್ಕು ಪ್ರಶ್ನೆ ಕೇಳಿಕೊಳ್ಳುವುದು ಒಳಿತು. ಯಾವ ಪಟ್ಟಿಯಿಂದ ಆರಿಸಿದರು? ಚೀಟಿಯಿಂದ ಆರಿಸಿದರೋ, ಸಿಕ್ಕವರನ್ನು ಕೇಳಿದರೋ? ಆಯ್ಕೆಯಾದವರಲ್ಲಿ ಎಷ್ಟು ಮಂದಿ ಉತ್ತರಿಸಲಿಲ್ಲ? ತಪ್ಪಿನ ಅಂತರ ಎಷ್ಟು? ನಾಲ್ಕನೆಯ ಪ್ರಶ್ನೆಗೆ ಉತ್ತರವಿಲ್ಲದ ಅಂಕಿ ಅರ್ಧ ಸತ್ಯ ಮಾತ್ರ. ನಾಲ್ಕು ತಾಕುಗಳ ಮೇಲೆ ಒಂದು ಊರಿನ ಪರಿಹಾರ ನಿಂತಿರುವಾಗ, ಸರಾಸರಿಯ ಜೊತೆಗೆ ಆ ಅಂತರವನ್ನೂ ಪ್ರಕಟಿಸಬೇಕೆಂದು ಕೇಳುವುದು ರೈತರ ಹಕ್ಕೇ ಆಗಿದೆ.