ವ್ಯೋಮನೌಕೆಯಿಂದ ಸೂರ್ಯಗ್ರಹಣ: ವೀಕ್ಷಣೆ ಮತ್ತು ಚಿತ್ರೀಕರಣ

ಸೂರ್ಯಗ್ರಹಣವು ಅಮಾವಾಸ್ಯೆಯಂದು ಮಾತ್ರ ಸಂಭವಿಸುತ್ತದೆ ಎಂಬುದು ಭೂಮಿಯ ಮೇಲೆ ನಿಂತು ನೋಡುವವರಿಗೆ ತಪ್ಪದ ನಿಯಮ. ಆದರೆ 1969ರ ನವೆಂಬರ್ 24ರಂದು, ಹುಣ್ಣಿಮೆಯ ಬೆನ್ನಿಗೇ, ಮೂವರು ವ್ಯೋಮಯಾತ್ರಿಗಳು ಸೂರ್ಯಗ್ರಹಣವನ್ನು ಕಂಡರು. ಚಂದ್ರನಿಂದ ಹಿಂದಿರುಗುತ್ತಿದ್ದ ಅಪೊಲೊ 12 ನೌಕೆಯಲ್ಲಿದ್ದ ಚಾರ್ಲ್ಸ್ ಕಾನ್ರಾಡ್, ರಿಚರ್ಡ್ ಗಾರ್ಡನ್ ಮತ್ತು ಅಲನ್ ಬೀನ್ ಅವರೇ ಆ ಮೂವರು. ಅಂದು ಸೂರ್ಯನನ್ನು ಮರೆಮಾಡಿದ್ದು ಚಂದ್ರನಲ್ಲ, ಸ್ವತಃ ಭೂಮಿ.

ಗ್ರಹಣವೆಂಬುದು ನೋಡುವವನ ಸ್ಥಾನವನ್ನು ಅವಲಂಬಿಸಿದ ವಿದ್ಯಮಾನ. ಭೂಮಿಯಿಂದ ಸೂರ್ಯ ಹಾಗೂ ಚಂದ್ರ ಇಬ್ಬರ ಕೋನೀಯ ವ್ಯಾಸವೂ ಸುಮಾರು ಅರ್ಧ ಡಿಗ್ರಿಯಷ್ಟಿರುವುದರಿಂದ ಚಂದ್ರಬಿಂಬವು ಸೂರ್ಯಬಿಂಬವನ್ನು ಸರಿಯಾಗಿ ಮುಚ್ಚಿ, ಕರೋನಾವನ್ನು ತೆರೆದು ತೋರಿಸುತ್ತದೆ. ಚಂದ್ರನ ದೂರದಿಂದ ನೋಡಿದರೆ ಭೂಮಿಯ ಕೋನೀಯ ವ್ಯಾಸ ಸುಮಾರು 2 ಡಿಗ್ರಿ. ನೌಕೆ ಸಮೀಪಿಸಿದಂತೆ ಅದು ಇನ್ನೂ ಹಿಗ್ಗುತ್ತದೆ. ಆದ್ದರಿಂದ ಇಲ್ಲಿ ಕರೋನಾದ ಬಹುಭಾಗವೂ ಮರೆಯಾಗುತ್ತದೆ. ಅದರ ಬದಲಿಗೆ ಭೂಮಿಯ ವಾಯುಮಂಡಲವು ಸೂರ್ಯಕಿರಣಗಳನ್ನು ಬಾಗಿಸಿ, ಚದುರಿಸಿ, ಕಪ್ಪು ಬಿಂಬದ ಅಂಚಿನಲ್ಲಿ ಬೆಳಕಿನ ತೆಳುವಾದ ಬಳೆಯನ್ನು ರಚಿಸುತ್ತದೆ.

ಆ ಕತ್ತಲೆಯಲ್ಲಿ ಯಾತ್ರಿಗಳಿಗೆ ಮಿಂಚುಗಳು ಕಾಣಿಸಿದವು. ಬಿಂಬದ ನಡುವೆ ಹೊಳೆಯುತ್ತಿದ್ದ ಬೆಳಕೊಂದು ಮೊದಲು ಒಗಟಾಗಿತ್ತು. ತಮ್ಮ ಬೆನ್ನ ಹಿಂದಿದ್ದ ಪೂರ್ಣಚಂದ್ರನೇ ಭೂಮಿಯ ಮೇಲೆ ಪ್ರತಿಫಲಿಸುತ್ತಿರುವುದೆಂದು ಬಳಿಕ ತಿಳಿಯಿತು. 16 ಮಿ.ಮೀ. ಚಲನಚಿತ್ರ ಕ್ಯಾಮೆರಾದಲ್ಲಿ ಸೆರೆಯಾದುದು ಮುಖ್ಯವಾಗಿ ಭೂಮಿಯ ಅಂಚಿನ ಪ್ರಖರ ಕಮಾನು. ಅಂಚಿನ ಬೆಳಕಿಗೂ ಬಿಂಬದ ಕತ್ತಲೆಗೂ ಇರುವ ಅಗಾಧ ಅಂತರವನ್ನು ಒಂದೇ ಫಿಲ್ಮಿನಲ್ಲಿ ಹಿಡಿಯುವುದು ಕಷ್ಟ. ಉಳಿದ ವಿವರಗಳಿಗೆ ಯಾತ್ರಿಗಳು ಭೂಕೇಂದ್ರದೊಡನೆ ನಡೆಸಿದ ಸಂಭಾಷಣೆಯೇ ಆಧಾರ.

ಇದಕ್ಕೂ ಮುನ್ನ, 1966ರ ನವೆಂಬರ್ 12ರಂದು, ಜೆಮಿನಿ 12 ನೌಕೆಯಿಂದ ಜೇಮ್ಸ್ ಲೊವೆಲ್ ಮತ್ತು ಎಡ್ವಿನ್ ಆಲ್ಡ್ರಿನ್ ಚಂದ್ರನಿಂದಾದ ಗ್ರಹಣದ ಚಿತ್ರಗಳನ್ನು ತೆಗೆದಿದ್ದರು. ಅಜೀನಾ ವಾಹನದ ಎಂಜಿನ್ನಿನ ದೋಷದಿಂದ ಎತ್ತರದ ಕಕ್ಷೆಗೇರುವ ಯೋಜನೆ ರದ್ದಾದುದರಿಂದಲೇ ಅವರಿಗೆ ಈ ಅವಕಾಶ ಒದಗಿತು. ಆದರೆ ಸೆಕೆಂಡಿಗೆ ಸುಮಾರು 7.8 ಕಿ.ಮೀ. ವೇಗದಲ್ಲಿ ಸಾಗುವ ನೌಕೆ ಚಂದ್ರನ ನೆರಳನ್ನು ಕೆಲವೇ ಸೆಕೆಂಡುಗಳಲ್ಲಿ ದಾಟಿಬಿಡುತ್ತದೆ.

ಹಾಗಾದರೆ ಗ್ರಹಣವನ್ನೇ ನಿರ್ಮಿಸಬಾರದೇಕೆ? 1975ರ ಜುಲೈ 19ರಂದು ಅಪೊಲೊ ನೌಕೆಯು ಸೋಯುಜ್‌ನಿಂದ ಬೇರ್ಪಟ್ಟು, ಸುಮಾರು 220 ಮೀಟರ್ ಹಿಂದೆ ಸರಿಯುತ್ತ ಸೂರ್ಯನಿಗೆ ಅಡ್ಡ ನಿಂತಿತು. ಸೋಯುಜ್ ಯಾತ್ರಿಗಳು ಚಿತ್ರ ತೆಗೆದರು. ಇದೇ ತತ್ತ್ವ ಐರೋಪ್ಯ ಪ್ರೋಬಾ-3 ಯೋಜನೆಯಲ್ಲಿ ಪಕ್ವಗೊಂಡಿತು. 2024ರ ಡಿಸೆಂಬರ್ 5ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ ಹಾರಿಸಿದ ಈ ಜೋಡಿ ಉಪಗ್ರಹಗಳಲ್ಲಿ ಒಂದರ 1.4 ಮೀಟರ್ ವ್ಯಾಸದ ತಟ್ಟೆ, ಸುಮಾರು 150 ಮೀಟರ್ ದೂರದ ಇನ್ನೊಂದರ ಮೇಲೆ ನೆರಳು ಬೀಳಿಸುವಂತೆ ಯೋಜಿಸಲಾಗಿತ್ತು. ಹೀಗೆ ದೊರೆತ ಕರೋನಾದ ಚಿತ್ರಗಳು 2025ರ ಜೂನ್‌ನಲ್ಲಿ ಪ್ರಕಟವಾದವು. 2023ರಲ್ಲಿ ಉಡಾವಣೆಯಾದ ಆದಿತ್ಯ-ಎಲ್1ರಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಿರ್ಮಿಸಿದ ಕರೋನಾದರ್ಶಕವು ಉಪಕರಣದ ಒಳಗೇ ಸೂರ್ಯಬಿಂಬವನ್ನು ಮರೆಮಾಡುತ್ತದೆ.

ಈ ಶ್ರಮ ಕೇವಲ ಕುತೂಹಲಕ್ಕಾಗಿ ಅಲ್ಲ. ಉಪಗ್ರಹಗಳಿಗೂ ವಿದ್ಯುತ್ ಜಾಲಗಳಿಗೂ ಹಾನಿಯುಂಟುಮಾಡಬಲ್ಲ ಸೌರಸ್ಫೋಟಗಳು ಕರೋನಾದ ಒಳಭಾಗದಲ್ಲಿಯೇ ರೂಪು ತಳೆಯುತ್ತವೆ. ಸೂರ್ಯಬಿಂಬಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ಮಂಕಾದ ಆ ಭಾಗವನ್ನು ಕಾಣಬೇಕಾದರೆ ಸೂರ್ಯನನ್ನು ಮರೆಮಾಡಲೇಬೇಕು. ನಿಸರ್ಗವು ಕೆಲವು ನಿಮಿಷಗಳಷ್ಟೇ ನೀಡುವ ಆ ನೆರಳನ್ನು ಗಂಟೆಗಳಿಗೆ ವಿಸ್ತರಿಸಿರುವುದು ವ್ಯೋಮಯುಗದ ಸಾಧನೆ.