ಕ್ರಿಸ್ಮಸ್ ಕುಸ್ವಾರಿಗೆ ತೋಟದ ಕಾಯಿ: ಮುಂಚಿತ ತಯಾರಿಯ ಕ್ರಮ

ಮೂಡುಬಿದಿರೆಯ ಸುತ್ತಿನ ಪುತ್ತಿಗೆ, ತಾಕೊಡೆ, ಅಲಂಗಾರು, ಶಿರ್ತಾಡಿ ಕಡೆಯ ಕ್ರೈಸ್ತ ಮನೆಗಳಲ್ಲಿ ಡಿಸೆಂಬರ್ ಎಂದರೆ ಕುಸ್ವಾರಿನ ತಿಂಗಳು. ಕಿಡಿಯೊ, ಗುಳಿಯೊ, ನೆವ್ರಿ, ತುಕ್ಕುಡಿ, ಚಕ್ಕುಲಿ, ಲಾಡು, ಕಾಯಿ ಮಿಠಾಯಿ ಮುಂತಾದ ಹಬ್ಬದ ತಿಂಡಿಗಳಿಗೆಲ್ಲ ಒಟ್ಟಾಗಿ ಕೊಂಕಣಿಯಲ್ಲಿ ಇರುವ ಹೆಸರು ಕುಸ್ವಾರ್. ಇದು ಮನೆಯವರಿಗೆ ಮಾತ್ರವಲ್ಲ. ನೆರೆಕರೆಯ ಹಿಂದೂ, ಜೈನ, ಮುಸಲ್ಮಾನರ ಮನೆಗಳಿಗೂ ತಟ್ಟೆಯಲ್ಲಿ ಹೋಗುವ ಪದಾರ್ಥ.

ಆದರೆ ಈಗೀಗ ಹಲವರು ಅಂಗಡಿಯ ಪೊಟ್ಟಣವನ್ನೇ ತರುತ್ತಾರೆ. ತೋಟದ ಕಾಯಿಯನ್ನು ಸಿಕ್ಕಿದ ಧಾರಣೆಗೆ ಕೊಟ್ಟು, ಅದೇ ಕಾಯಿಯಿಂದಾದ ತಿಂಡಿಗೆ ಪಟ್ಟಣದಲ್ಲಿ ದುಡ್ಡು ತೆರುವುದು ರೈತನಿಗೆ ಲಾಭದ ಮಾತಲ್ಲ. ಇದಕ್ಕೆ ಕೊಡುವ ಕಾರಣಗಳು ಎರಡು. ಅಡಿಕೆ ಕೊಯ್ಲು ಮತ್ತು ಸುಗ್ಗಿ ಬೇಸಾಯದ ನಡುವೆ ಕೊನೆಯ ಗಳಿಗೆಯಲ್ಲಿ ಪುರುಸೊತ್ತಿಲ್ಲ. ಮೊದಲೇ ಮಾಡಿಟ್ಟರೆ ಮೆತ್ತಗಾಗುತ್ತದೆ, ವಾಸನೆ ಬರುತ್ತದೆ. ಎರಡಕ್ಕೂ ಪರಿಹಾರ ಒಂದೇ. ನೀರಿನಂಶ ಕಡಿಮೆ ಇರುವ ತಿಂಡಿಯನ್ನು ಮೊದಲು, ಹೆಚ್ಚು ಇರುವುದನ್ನು ಕೊನೆಗೆ ಮಾಡಿರಿ.

ಕಾಯಿಯ ಆಯ್ಕೆ

ಹನ್ನೊಂದು-ಹನ್ನೆರಡು ತಿಂಗಳು ಬಲಿತ ಕಾಯಿಯೇ ಆಗಬೇಕು. ನವೆಂಬರಿನಲ್ಲಿ ಕೊಯ್ದ ಕಾಯಿಯನ್ನು ಸಿಪ್ಪೆ ಸಹಿತ ಗಾಳಿಯಾಡುವ ಅಟ್ಟದಲ್ಲಿ ಇಟ್ಟರೆ ಡಿಸೆಂಬರ್ ಮಧ್ಯಕ್ಕೆ ಹದವಾಗುತ್ತದೆ. ಹಸಿ ಕಾಯಿಯ ತಿರುಳಿನಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ನೀರು; ಚೆನ್ನಾಗಿ ಒಣಗಿದ ಕೊಬ್ಬರಿಯಲ್ಲಿ ಶೇಕಡಾ 6ರಷ್ಟು ಮಾತ್ರ. ಹಸಿ ತುರಿಯ ತಿಂಡಿ ಬೇಗ ಕೆಡುವುದೂ ಕೊಬ್ಬರಿ ತಿಂಗಳುಗಟ್ಟಲೆ ಉಳಿಯುವುದೂ ಈ ಕಾರಣದಿಂದಲೇ.

ಯಾವುದು ಯಾವಾಗ?

ಡಿಸೆಂಬರ್ ಮೊದಲ ವಾರ: ಬೆಳ್ತಿಗೆ ಅಕ್ಕಿಯನ್ನು ನೆನೆಸಿ, ಬಟ್ಟೆಯ ಮೇಲೆ ಆರಿಸಿ ಹಿಟ್ಟು ಮಾಡಿ, ಹುರಿದಿಡಿ. ಡಬ್ಬಗಳನ್ನು ತೊಳೆದು ಬಿಸಿಲಿಗೆ ಒಣಗಿಸಿ.

10ರಿಂದ 15: ಚಕ್ಕುಲಿ, ತುಕ್ಕುಡಿ, ಖಾರಕಡ್ಡಿ, ಕಿಡಿಯೊ. ಕಿಡಿಯೊಗೆ ಸಕ್ಕರೆ ಪಾಕ ಹಿಡಿಸುವುದಿದ್ದರೆ ಕರಿದ ಕಿಡಿಯೊ ಪೂರ್ತಿ ತಣಿದ ಮೇಲೆಯೇ ಹಿಡಿಸಬೇಕು.

16ರಿಂದ 20: ಗುಳಿಯೊ, ನೆವ್ರಿ. ನೆವ್ರಿಯ ಒಳಗಿನ ಎಳ್ಳು, ಕಾಯಿತುರಿ, ಗೇರುಬೀಜ ಇವನ್ನು ಬೇರೆ ಬೇರೆಯಾಗಿ ಗರಿಗರಿಯಾಗುವವರೆಗೆ ಹುರಿಯಿರಿ. ತುರಿ ಹಸಿಯಿದ್ದರೆ ಹೊರಗಿನ ಪದರ ಮರುದಿನವೇ ಮೆತ್ತಗಾಗುತ್ತದೆ.

21ರಿಂದ 23: ಕಾಯಿ ಮಿಠಾಯಿ, ಲಾಡು.

ಬೆಲ್ಲ ಗಾಳಿಯ ತೇವವನ್ನು ಸಕ್ಕರೆಗಿಂತ ಬೇಗ ಎಳೆದುಕೊಳ್ಳುತ್ತದೆ. ಕರಾವಳಿಯ ಹವೆಯಲ್ಲಿ ಹೆಚ್ಚು ದಿನ ಇಡುವ ಗರಿ ತಿಂಡಿಗೆ ಸಕ್ಕರೆಯೇ ಲೇಸು.

ಗುಳಿಯೊ ಸಿಡಿಯದಂತೆ

ಒಂದು ಕಿಲೋ ಹುರಿದ ಅಕ್ಕಿಹಿಟ್ಟಿಗೆ ಎರಡು ದೊಡ್ಡ ಕಾಯಿಗಳ ದಪ್ಪ ಹಾಲು, ಕಾಲು ಕಿಲೋ ಸಕ್ಕರೆ, ರುಚಿಗೆ ಉಪ್ಪು. ಹಾಲಿಗೆ ಸಕ್ಕರೆ, ಉಪ್ಪು ಹಾಕಿ ಕುದಿಸಿ ಹಿಟ್ಟಿಗೆ ಸುರಿದು, ಬಿಸಿ ಆರುವ ಮುನ್ನ ನಾದಬೇಕು. ಗಟ್ಟಿಯಾದರೆ ಸ್ವಲ್ಪ ಬಿಸಿನೀರು ಚಿಮುಕಿಸಿ. ಉಂಡೆ ಮಕ್ಕಳ ಗೋಲಿಗಿಂತ ದೊಡ್ಡದಾಗಬಾರದು.

ಗುಳಿಯೊ ಎಣ್ಣೆಯಲ್ಲಿ ಸಿಡಿದು ಮುಖ, ಕೈ ಸುಡುವುದುಂಟು. ಹೊರಮೈ ಬೇಗ ಗಟ್ಟಿಯಾಗಿ ಒಳಗಿನ ಆವಿಗೆ ದಾರಿ ಸಿಗದಿರುವುದೇ ಇದಕ್ಕೆ ಕಾರಣ. ಹಿಟ್ಟನ್ನು ಸಣ್ಣ ಜರಡಿಯಲ್ಲಿ ಜಾಲಿಸಿ. ಉಂಡೆಯನ್ನು ಬಿಗಿಯಾಗಿ ಒತ್ತಬೇಡಿ. ಪ್ರತಿಯೊಂದಕ್ಕೂ ಸೂಜಿಯಿಂದ ಚುಚ್ಚಿ. ಮೊದಲು ಎರಡೇ ಉಂಡೆ ಹಾಕಿ ಪರೀಕ್ಷಿಸಿ, ಹದ ಉರಿಯಲ್ಲಿ ಕರಿಯಿರಿ. ಮುಚ್ಚಳ ಕೈಗೆ ಸಿಗುವಂತಿರಲಿ, ಮಕ್ಕಳು ಒಲೆಯ ಬಳಿ ಇರದಿರಲಿ.

ಕಾಯಿ ಮಿಠಾಯಿ

ತುರಿಯಷ್ಟೇ ತೂಕದ ಸಕ್ಕರೆ ಸೇರಿಸಿ ಸಣ್ಣ ಉರಿಯಲ್ಲಿ ಬಿಡದೆ ಮಗುಚುತ್ತಿರಿ. ಮಿಶ್ರಣ ಬಾಣಲೆಯ ಬದಿ ಬಿಡುವಾಗ ಚೂರು ತೆಗೆದು ತಣ್ಣನೆಯ ತಟ್ಟೆಗೆ ಹಾಕಿ. ಹರಿಯದೆ ನಿಂತರೆ ಹದ ಬಂದಂತೆ. ಆಗ ಏಲಕ್ಕಿ ಪುಡಿ ಸೇರಿಸಿ, ತುಪ್ಪ ಸವರಿದ ಹರಿವಾಣಕ್ಕೆ ಸುರಿದು, ಬೆಚ್ಚಗಿರುವಾಗಲೇ ಕತ್ತರಿಸಿ. ಹದಕ್ಕೆ ಮೊದಲೇ ಇಳಿಸಿದರೆ ನೀರು ಉಳಿದು ಬೂಸಲು ಹಿಡಿಯುತ್ತದೆ. ವಾರದೊಳಗೆ ಮುಗಿಸುವುದು ಕ್ಷೇಮ.

ದಾಸ್ತಾನು

ಬಿಸಿ ಆರದ ತಿಂಡಿಗೆ ಮುಚ್ಚಳ ಹಾಕಕೂಡದು. ಆವಿ ನೀರಾಗಿ ಇಳಿಯುತ್ತದೆ. ಒಂದು ದೊಡ್ಡ ಡಬ್ಬಕ್ಕಿಂತ ನಾಲ್ಕು ಸಣ್ಣ ಡಬ್ಬ ಮೇಲು, ಏಕೆಂದರೆ ಒಂದನ್ನು ತೆರೆದಾಗ ಉಳಿದವುಗಳಿಗೆ ಗಾಳಿ ತಾಗದು. ಸಿಹಿಯನ್ನೂ ಖಾರವನ್ನೂ ಬೆರೆಸಬೇಡಿ. ಎಣ್ಣೆ ಹೀರಲು ಅಚ್ಚಾದ ಪತ್ರಿಕೆ ಬೇಡ, ಅದರ ಮಸಿ ತಿಂಡಿಗೆ ಹತ್ತುತ್ತದೆ. ಕರಿದು ಕಪ್ಪಾದ ಎಣ್ಣೆಯನ್ನು ಮತ್ತೆ ಉಪಯೋಗಿಸಬೇಡಿ.

ಲಾಡಿಗೆ ನೆಲಗಡಲೆ ಹಾಕುವವರು ಬೂಸಲು ಹಿಡಿದ, ಮುರುಟಿದ, ಬಣ್ಣಗೆಟ್ಟ ಬೀಜಗಳನ್ನು ಆರಿಸಿ ಎಸೆಯಬೇಕು. ಅವುಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ಯಕೃತ್ತಿಗೆ ಕೇಡು. ಹುರಿದರೂ ಪೂರ್ತಿ ಹೋಗದು.

ಮಾರುವ ಮನಸ್ಸಿದ್ದರೆ

ಸ್ವಸಹಾಯ ಸಂಘದ ಸೋದರಿಯರು ಒಟ್ಟಾದರೆ ಇದರಿಂದ ಹಬ್ಬದ ಆದಾಯವೂ ಬಂದೀತು. ಆದರೆ ಮಾರುವ ಮುನ್ನ 2006ರ ಆಹಾರ ಸುರಕ್ಷತಾ ಕಾಯಿದೆಯಂತೆ ನೋಂದಣಿ ಅಗತ್ಯ. ಪೊಟ್ಟಣದ ಮೇಲೆ ತಯಾರಿಸಿದ ದಿನಾಂಕ, ತೂಕ, ಬಳಸಿದ ಸಾಮಗ್ರಿ ನಮೂದಿಸಬೇಕು. ಬೆಲೆ ಕಟ್ಟುವಾಗ ತೋಟದ ಕಾಯಿ, ಮನೆಯ ಕಟ್ಟಿಗೆ, ಮನೆಯವರ ದುಡಿಮೆ ಇವಕ್ಕೂ ಲೆಕ್ಕ ಹಿಡಿಯಿರಿ. ಇವು ಪುಕ್ಕಟೆಯೆಂದು ಬಿಟ್ಟರೆ ಮಾರಿದಷ್ಟೂ ನಷ್ಟ.

ವರ್ಷವಿಡೀ ಮಾಡಬಯಸುವವರಿಗೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ರೂಪಿಸಿದ ತೆಂಗಿನ ಚಿಪ್ಸ್ ವಿಧಾನವಿದೆ. ಇದರಲ್ಲಿ ತೆಳ್ಳಗೆ ಹೆಚ್ಚಿದ ತಿರುಳನ್ನು ಸಕ್ಕರೆ ಪಾಕದಲ್ಲಿ ನೆನೆಸಿ ಒಣಗಿಸುತ್ತಾರೆ. ಎಣ್ಣೆಯಲ್ಲಿ ಕರಿಯುವ ಕೆಲಸವಿಲ್ಲ. ಮಾಹಿತಿಗೆ ಆ ಸಂಸ್ಥೆಯನ್ನು ಅಥವಾ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.

ಎಲ್ಲವನ್ನೂ ಒಮ್ಮೆಗೇ ಮಾಡಹೊರಟು ಬಳಲುವುದು ಬೇಡ. ಈ ವರ್ಷ ಎರಡು ತಿಂಡಿಗಳನ್ನು ಹದವರಿತು ಮಾಡಿ, ಎಷ್ಟು ದಿನ ಗರಿಯಾಗಿ ಉಳಿಯಿತೆಂದು ಬರೆದಿಡಿ. ಮುಂದಿನ ಕ್ರಿಸ್ಮಸಿಗೆ ಆ ಬರಹವೇ ನಿಮಗೆ ದಾರಿ ತೋರಿಸುವುದು.